ಅಟ್ಟದ ಮೇಲಿನ ಅಡಿಕೆ ಪತ್ರಿಕೆ

ಅಪ್ಪ ತೀರಿಹೋದ ವರ್ಷ, ಮಳೆಗಾಲ ಹಿಡಿಯುವ ಮೊದಲು, ಪಂಜದ ಹತ್ತಿರದ ತವರುಮನೆಯ ಅಟ್ಟ ಖಾಲಿ ಮಾಡಲಿಕ್ಕೆ ಹೋಗಿದ್ದೆ. ಒಡೆದ ಹೆಡಿಗೆ, ತುಕ್ಕು ಹಿಡಿದ ಮೆಟ್ಟುಕತ್ತಿ, ಬೋರ್ಡೋ ಬಿಡುತ್ತಿದ್ದ ಹಳೆಯ ಪಂಪು. ಇವುಗಳ ಹಿಂದೆ ಗೋಡೆಗೆ ತಾಗಿಸಿ ಇಟ್ಟ ಕಟ್ಟುಗಳು, ಅಡಿಕೆ ಹಾಳೆಯಲ್ಲಿ ಸುತ್ತಿ ಹುರಿಹಗ್ಗದಿಂದ ಬಿಗಿದವು. ಒಂದನ್ನು ಬಿಚ್ಚಿದೆ. ಒಳಗೆ ಹಳೆಯ ಅಡಿಕೆ ಪತ್ರಿಕೆಗಳು, ತಿಂಗಳ ಸಾಲು ತಪ್ಪದ ಹಾಗೆ ಜೋಡಿಸಿಟ್ಟದ್ದು. ಗೆದ್ದಲು ಮುಟ್ಟಿರಲಿಲ್ಲ.

ಅಪ್ಪ ಓದಿದ್ದು ಐದನೆಯ ಕ್ಲಾಸಿನ ತನಕ. ಆದರೆ ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಎಷ್ಟೋ ಇತ್ತು. ಕರಿಮೆಣಸಿನ ಒಂದು ಲೇಖನದ ಬದಿಯಲ್ಲಿ, ‘ಮಾಡಿ ನೋಡಿದೆ, ಆಯಿತು.’ ವೆನಿಲ್ಲಾದ ಲೇಖನದ ಬದಿಯಲ್ಲಿ, ‘ನಮಗೆ ಬೇಡ.’ ಇನ್ನೊಂದರಲ್ಲಿ, ‘ನಮ್ಮ ಮಣ್ಣಿಗೆ ಆಗದು, ಬೆಳ್ಳಾರೆ ಕಡೆಗೆ ಆಗಬಹುದು.’ ಹಲವು ಕಡೆ ಒಂದೇ ಪದ: ‘ಕೇಳಬೇಕು.’ ನಾನು ಅಟ್ಟ ಗುಡಿಸುವುದನ್ನು ಬಿಟ್ಟು ಅಲ್ಲೇ ಕುಳಿತೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವಳು ನಾನು. ಇಷ್ಟು ಶ್ರದ್ಧೆಯಿಂದ ಪುಸ್ತಕ ಓದಿದ ಒಬ್ಬ ವಿದ್ಯಾರ್ಥಿ ನನ್ನ ಮನೆಯಲ್ಲೇ ಇದ್ದರು ಎಂಬುದು ಆ ದಿನ ಕಣ್ಣಿಗೆ ಬಿತ್ತು.

ನಮ್ಮ ಸೀಮೆಯ ಬದುಕು ಅಡಿಕೆಯ ಕ್ರಯದ ಮೇಲೆ ನಿಂತದ್ದು. ಕ್ರಯ ಬಿದ್ದಾಗ ಮನೆಯ ಮದುವೆಗಳು ಮುಂದೆ ಹೋಗುತ್ತಿದ್ದವು, ಕಾಲೇಜಿಗೆ ಹೋಗಬೇಕಾದವರು ತೋಟಕ್ಕೆ ಇಳಿಯುತ್ತಿದ್ದರು. ಹಾಗೆ ಬಿದ್ದ ಒಂದು ಕಾಲದಲ್ಲೇ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿತು. ಬೆಳೆದದ್ದನ್ನು ಮಾರಲು ಒಂದು ದಾರಿಯಾಯಿತು. ಆದರೆ ಬೆಳೆಯುವವನ ತಲೆಯಲ್ಲಿದ್ದ ವಿದ್ಯೆಗೆ ಪೇಟೆ ಇರಲಿಲ್ಲ. ಒಬ್ಬರು ತೋಟದಲ್ಲಿ ಕಂಡುಕೊಂಡದ್ದು ಆಚೆ ಗುಡ್ಡೆಯವರಿಗೆ ತಿಳಿಯಬೇಕಾದರೆ ಎಲ್ಲೋ ಮದುವೆಯ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರಬೇಕಿತ್ತು. ಕೃಷಿಯ ಬಗ್ಗೆ ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಮೇಲಿನಿಂದ ಕೆಳಗೆ ಬರುವ ಮಾತು: ಇಷ್ಟು ಗೊಬ್ಬರ ಹಾಕಿ, ಇಷ್ಟು ಮದ್ದು ಬಿಡಿ.

1988ರಲ್ಲಿ ಪುತ್ತೂರಿನಿಂದ ಅಡಿಕೆ ಪತ್ರಿಕೆ ಹೊರಟದ್ದು ಈ ಕೊರತೆಯನ್ನು ತುಂಬಲು. ಹೊರಡಿಸಿದವರು ಅಖಿಲ ಭಾರತ ಅಡಿಕೆ ಬೆಳೆಗಾರರ ಸಂಘದವರು. ಸಂಘದ ಮುಂಚೂಣಿಯಲ್ಲಿದ್ದವರು ಮಂಚಿ ಶ್ರೀನಿವಾಸ ಆಚಾರ್. ಮುಂದೆ ಪತ್ರಿಕೆಯನ್ನು ಫಾರ್ಮರ್ ಫಸ್ಟ್ ಟ್ರಸ್ಟ್ ನಡೆಸಿಕೊಂಡು ಬಂತು. ಲಾಭ ಹಂಚಿಕೊಳ್ಳುವ ಮಾಲೀಕರು ಇದಕ್ಕಿಲ್ಲ. ಸಂಪಾದಕ ಶ್ರೀ ಪಡ್ರೆ ಸಸ್ಯಶಾಸ್ತ್ರ ಓದಿದವರು, ಗಡಿಯಾಚೆ ಕಾಸರಗೋಡು ಜಿಲ್ಲೆಯ ವಾಣೀನಗರದಲ್ಲಿ ಅಡಿಕೆ ತೋಟ ಇರುವವರು. ಜೊತೆಗೆ ನಿಂತವರು ನಾ. ಕಾರಂತ ಪೆರಾಜೆ. ಯಕ್ಷಗಾನ ಕಲಾವಿದರೂ ಆದ ಇವರು ಊರೂರು ತಿರುಗಿ ಕೃಷಿಕರ ಮಾತನ್ನು ಬರಹಕ್ಕಿಳಿಸಿದರು. ಪತ್ರಿಕೆ ಹಿಡಿದ ಧ್ಯೇಯ ನಾಲ್ಕು ದಶಕದ ಹತ್ತಿರ ಬಂದರೂ ಬದಲಾಗಲಿಲ್ಲ: ಕೃಷಿಕರ ಕೈಗೆ ಲೇಖನಿ.

ಈ ಮಾತನ್ನು ಹಾಲ್‌ನಲ್ಲಿ ಬ್ಯಾನರ್ ಕಟ್ಟಿ ಬಿಟ್ಟುಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕೃಷಿಕರನ್ನು ಕರೆದು ಕೂರಿಸಿ, ತಲೆಬರಹ ಹೇಗೆ, ಮೊದಲ ವಾಕ್ಯ ಹೇಗೆ, ಲೆಕ್ಕ ಎಲ್ಲಿ ಕೊಡಬೇಕು, ಸೋತದ್ದನ್ನು ಯಾಕೆ ಮುಚ್ಚಿಡಬಾರದು ಎಂದು ಕಲಿಸಿದರು. ಲೇಖನದ ಕೊನೆಗೆ ಆ ಕೃಷಿಕರ ವಿಳಾಸ, ದೂರವಾಣಿ ಕೊಡುವ ಪದ್ಧತಿ ಬಂತು. ಓದಿದವರು ನೇರ ಕೇಳಬಹುದು, ಹೋಗಿ ನೋಡಬಹುದು. ಬರೆದದ್ದು ಸುಳ್ಳಾದರೆ ಮರುದಿನವೇ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಪತ್ರಿಕೆಗೆ ಬೇಕು? ಇದೇ ಹಾದಿಯಲ್ಲಿ ಮುಂದೆ ಶಿವರಾಂ ಪೈಲೂರು ಧಾರವಾಡದಲ್ಲಿ ಕೃಷಿ ಮಾಧ್ಯಮ ಕೇಂದ್ರ ಕಟ್ಟಿ, ಬಯಲುಸೀಮೆಯ ಎಷ್ಟೋ ಮಂದಿಗೆ ಬರೆಯಲು ಕಲಿಸಿದರು.

ನಮ್ಮ ಅಪ್ಪನೂ ಒಮ್ಮೆ ಬರೆದರು. ಅರ್ಧ ಪುಟದ ಬರಹ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಮಳೆಗಾಲ ಪೂರ್ತಿ ಹಾಳಾಗದ ಹಾಗೆ ಇಡುವುದು ಹೇಗೆ ಎಂಬುದು ವಿಷಯ. ಅಚ್ಚಾಗಿ ಬಂದ ದಿನ ಅಪ್ಪ ಸಂಚಿಕೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಪೇಟೆಯಿಂದ ನಡೆದು ಬಂದರು. ಅಮ್ಮ ಒಲೆಯ ಮುಂದೆ ಇದ್ದರು. ಅಪ್ಪ ಗಟ್ಟಿಯಾಗಿ ಓದಿದರು. ಅಮ್ಮ ಪೂರ್ತಿ ಕೇಳಿ, “ಮಣ್ಣಿಗೆ ನೀರು ಎಷ್ಟು ಹಾಕ್ಬೇಕು ಅಂತ ನೀವು ಬರೀಲೇ ಇಲ್ಲ. ನೀರು ಹೆಚ್ಚಾದ್ರೆ ಬೀಜ ಮೊಳಕೆ ಬರ್ತದೆ” ಅಂದರು.

ಬೀಜಕ್ಕೆ ಮಣ್ಣು ಮೆತ್ತುತ್ತಿದ್ದದ್ದು ಅಮ್ಮ. ವರ್ಷವೂ ಹಿಂದಿನ ಜಗಲಿಯಲ್ಲಿ ಕಾಲು ನೀಡಿ ಕುಳಿತು, ಕೆಮ್ಮಣ್ಣನ್ನು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ರೊಟ್ಟಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, ಬೀಜಗಳನ್ನು ಅದರಲ್ಲಿ ಹೊರಳಿಸಿ ನೆರಳಲ್ಲಿ ಆರಲು ಬಿಡುತ್ತಿದ್ದರು. ಅಪ್ಪ ಅದನ್ನು ಕಂಡವರು ಮಾತ್ರ. ಮರುವಾರ ಅಪ್ಪ ಇನ್ಲ್ಯಾಂಡ್ ಲೆಟರಿನಲ್ಲಿ ನೀರಿನ ಹದ ಬರೆದು ಕಳಿಸಿದರು. ಇದು ಹೆಂಡತಿ ಹೇಳಿದ್ದು ಎಂದು ಕೊನೆಗೆ ಸೇರಿಸಿದರು. ಶಿರಸಿಯಿಂದ, ತೀರ್ಥಹಳ್ಳಿಯಿಂದ ಕಾಗದಗಳು ಬಂದವು. ಒಬ್ಬರು ಬೀಜ ಕಳಿಸಿ ಎಂದು ಬರೆದಿದ್ದರು. ಅಮ್ಮ ಮಣ್ಣು ಮೆತ್ತಿದ ಇಪ್ಪತ್ತು ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ಅಂಚೆಗೆ ಕೊಟ್ಟರು. ಅಮ್ಮ ಅಂಚೆಯಲ್ಲಿ ಯಾರಿಗಾದರೂ ಏನಾದರೂ ಕಳಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಆಮೇಲೆ ಅದೇ ಪತ್ರಿಕೆ ಹಲಸನ್ನು ಎತ್ತಿಕೊಂಡಿತು. ಎಷ್ಟೋ ಸಂಚಿಕೆಗಳಿಗೆ ಹಲಸಿನದೇ ಮುಖಪುಟ. ಹಪ್ಪಳದ ಆಚೆಗೆ ಏನೇನು ಮಾಡಬಹುದು, ಕೇರಳದಲ್ಲಿ ಏನು ನಡೆದಿದೆ, ವಿಯೆಟ್ನಾಮಿನಲ್ಲಿ ಏನು ನಡೆದಿದೆ ಎಂದು ಬಿಡದೆ ಬರೆದರು. ಮರದಡಿಯಲ್ಲಿ ಕೊಳೆತು ದನಕ್ಕೆ ಹೋಗುತ್ತಿದ್ದ ಹಣ್ಣಿಗೆ ಹಲಸು ಮೇಳಗಳು ಹುಟ್ಟಿದವು. ಅಮ್ಮ ಅದನ್ನೆಲ್ಲ ನೋಡಲು ಇರಲಿಲ್ಲ ಎಂಬುದು ನನ್ನ ಕೊರಗು.

ನಾನು ಕೆಲಸಕ್ಕೆ ಸೇರಿದ್ದು ಕಡಬದ ಕಡೆಯ ಒಂದು ಸರಕಾರಿ ಪ್ರಾಥಮಿಕ ಶಾಲೆಗೆ. ಆಗ ಅದು ಪುತ್ತೂರು ತಾಲೂಕು. ಕಡಬ ತಾಲೂಕಾದದ್ದು ಎಷ್ಟೋ ವರ್ಷಗಳ ನಂತರ. ಸೇರಿದ ಹೊಸತರಲ್ಲಿ ನಡೆದದ್ದೊಂದನ್ನು ನಾನು ಇಲ್ಲಿ ಬರೆಯಲೇಬೇಕು. ಶಾಲೆಯ ಎದುರಿನ ಗುಡ್ಡದಲ್ಲಿ ಗೇರುತೋಟ. ಒಂದು ಬೆಳಿಗ್ಗೆ ಹೆಲಿಕಾಪ್ಟರ್ ಬಂತು. ಮಕ್ಕಳು ಬೆಂಚು ಬಿಟ್ಟು ಅಂಗಳಕ್ಕೆ ಓಡಿದರು. ಅಷ್ಟು ಹತ್ತಿರದಲ್ಲಿ ಹೆಲಿಕಾಪ್ಟರ್ ನೋಡಿದವರು ಅವರಲ್ಲಿ ಯಾರೂ ಇರಲಿಲ್ಲ, ನಾನೂ ನೋಡಿರಲಿಲ್ಲ. ಮಕ್ಕಳು ಕೈ ಬೀಸಿದರು. ನಾನೂ ಅಂಗಳದಲ್ಲಿ ನಿಂತು ನೋಡಿದೆ. ಹನಿ ಹನಿಯಾಗಿ ಏನೋ ಇಳಿಯಿತು, ಒಂದು ವಾಸನೆ ಬಂತು. ಮಧ್ಯಾಹ್ನ ತೊರೆಯ ನೀರಿನಲ್ಲಿ ಮೀನು ಸತ್ತು ಮೇಲೆ ಬಂದಿವೆ ಎಂದು ಹುಡುಗರು ಹೇಳಿದರು. ನಾನು ಮಕ್ಕಳನ್ನು ಒಳಗೆ ಕರೆಯಬೇಕಿತ್ತು. ಬಾವಿಯ ಬಾಯಿ ಮುಚ್ಚಿಸಬೇಕಿತ್ತು. ಗೊತ್ತಿರಲಿಲ್ಲ.

ಗೊತ್ತಿದ್ದವರು ಇದ್ದರು. ಕಾಸರಗೋಡಿನ ಗೇರುತೋಟಗಳ ಕೆಳಗಿನ ಪಡ್ರೆ ಗ್ರಾಮದಲ್ಲಿ 1979ರ ಹೊತ್ತಿಗೇ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದವು. ಶ್ರೀ ಪಡ್ರೆಯವರು ಗೇರುತೋಟಗಳಿಗೆ ಹೀಗೆ ಬಿಡುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ 1981ರಲ್ಲೇ ಬರೆದು ಎಚ್ಚರಿಸಿದ್ದರು. ಪ್ರಯೋಗಾಲಯದ ವರದಿ ಅವರ ಕೈಯಲ್ಲಿ ಇರಲಿಲ್ಲ. ಕೊಟ್ಟಿಗೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುವ ಧೈರ್ಯ ಇತ್ತು. ಆ ಮಾತು ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಾಗಿ ಬರಲು 2011 ಆಗಬೇಕಾಯಿತು. ಈಗ ಕೊಯಿಲದಲ್ಲಿ, ಕೊಕ್ಕಡದಲ್ಲಿ ಎಂಡೋ ಪೀಡಿತರ ಪಾಲನಾ ಕೇಂದ್ರಗಳಿವೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಅಂಗಳದಲ್ಲಿ ಕೈ ಬೀಸುತ್ತಿದ್ದ ಮಕ್ಕಳು ನೆನಪಾಗುತ್ತಾರೆ. ಪರಿಸರ ಪಾಠ ಎಂದರೆ ಎಲೆಯ ಚಿತ್ರ ಬಿಡಿಸುವುದಷ್ಟೇ ಅಲ್ಲ ಎಂದು ನಾನು ಕಲಿತದ್ದು ಹೀಗೆ, ಬಹಳ ತಡವಾಗಿ.

ಶಾಲೆಯ ಬಾವಿ ಮಾರ್ಚಿಗೆ ತಳ ಕಾಣುತ್ತಿತ್ತು. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ಪಾಠಪುಸ್ತಕದಲ್ಲಿ ‘ನೀರಿನ ಸಂರಕ್ಷಣೆ’ ಎಂಬ ಪಾಠ ಇತ್ತು. ನಲ್ಲಿ ಸರಿಯಾಗಿ ನಿಲ್ಲಿಸಿ ಎಂದು ಅದರಲ್ಲಿ ಬರೆದಿತ್ತು. ನಮ್ಮ ಶಾಲೆಯಲ್ಲಿ ನಲ್ಲಿಯೇ ಇರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಬರುತ್ತಿದ್ದ ಪತ್ರಿಕೆಗಳಲ್ಲಿ ಕಾಸರಗೋಡಿನ ಏತಡ್ಕದ ಕಟ್ಟಗಳ ಬಗ್ಗೆ ಓದಿದೆ. ತೋಡಿಗೆ ಸಾಲುಸಾಲಾಗಿ ಕಟ್ಟ ಹಾಕಿ ಊರಿನ ಬಾವಿಗಳಿಗೆ ಬೇಸಿಗೆಯಲ್ಲಿ ನೀರು ಉಳಿಸಿಕೊಂಡವರು ಅವರು. ನಮ್ಮ ಶಾಲೆಯ ಹಿಂದೆಯೂ ತೋಡು ಇತ್ತು. ಅದಕ್ಕೆ ಹಿಂದೆ ಕಟ್ಟ ಹಾಕುತ್ತಿದ್ದ ಒಬ್ಬ ಅಜ್ಜ ಇನ್ನೂ ಇದ್ದಾರೆ, ಪಂಪುಸೆಟ್ಟು ಬಂದ ಮೇಲೆ ಯಾರೂ ಕರೆಯುವುದಿಲ್ಲ ಎಂದು ಅಡುಗೆಯ ಅಕ್ಕ ಹೇಳಿದರು.

ಡಿಸೆಂಬರಿನ ಒಂದು ಶನಿವಾರ ಅಜ್ಜ ಬಂದರು. ಸೊಂಟಕ್ಕೊಂದು ಬೈರಾಸು, ಹೆಗಲಿಗೆ ಹಾರೆ. ನಾನು ಆರನೆಯ, ಏಳನೆಯ ಕ್ಲಾಸಿನ ಮಕ್ಕಳನ್ನು ತೋಡಿನ ಬದಿಯಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಅಜ್ಜ ನೋಡಿ ತುಳುವಿನಲ್ಲಿ ಕೇಳಿದರು, “ಟೀಚರೇ, ಮಕ್ಕಳನ್ನು ನೋಡ್ಲಿಕ್ಕೆ ಕರ್ಕೊಂಡು ಬಂದದ್ದಾ? ನೋಡಿದ್ರೆ ಕಟ್ಟ ಆಗುದಿಲ್ಲ.” ಮಕ್ಕಳು ಚಡ್ಡಿ, ಲಂಗ ಎತ್ತಿಕಟ್ಟಿ ನೀರಿಗೆ ಇಳಿದರು.

ಮೊದಲು ಮಣ್ಣಿನ ಪರೀಕ್ಷೆ. ಅಜ್ಜ ನಾಲ್ಕು ಕಡೆಯಿಂದ ಮಣ್ಣು ತರಿಸಿದರು. ನಿಂಬೆಹಣ್ಣಿನಷ್ಟು ದೊಡ್ಡ ನಾಲ್ಕು ಉಂಡೆ ಮಾಡಿ, ನೀರು ನಿಂತ ಗುಂಡಿಯಲ್ಲಿ ಮೆಲ್ಲಗೆ ಬಿಟ್ಟರು. “ಈಗ ಬೀಡಿ ಸೇದುವಷ್ಟು ಹೊತ್ತು ಸುಮ್ಮನಿರಿ” ಅಂದರು. ಒಂದು ಉಂಡೆ ಕೂಡಲೇ ಬಿರಿದು ನೀರು ಕೆಂಪಾಯಿತು. ಎರಡು ನಿಧಾನಕ್ಕೆ ಕುಸಿದವು. ಗದ್ದೆಯ ಹುಣಿಯಿಂದ ತಂದ ನಾಲ್ಕನೆಯದು ಇದ್ದ ಹಾಗೇ ಇತ್ತು. ಕಟ್ಟಕ್ಕೆ ಅದೇ ಮಣ್ಣು. ನನ್ನ ಟೀಚರ್ ಟ್ರೈನಿಂಗಿನಲ್ಲಿ ಪ್ರಯೋಗ, ವೀಕ್ಷಣೆ, ತೀರ್ಮಾನ ಎಂದು ಬಾಯಿಪಾಠ ಮಾಡಿಸಿದ್ದರು. ಅದನ್ನು ಕಣ್ಣಾರೆ ಕಂಡದ್ದು ಆ ತೋಡಿನಲ್ಲಿ.

ಎರಡು ಸಾಲು ಕಾಡುಕಲ್ಲು, ನಡುವೆ ಎರಡು ಅಡಿ ಜಾಗ. ಜಾಗಕ್ಕೆ ಮಣ್ಣು ಹಾಕಿ ತುಳಿಯಬೇಕು, ಮತ್ತೆ ಹಾಕಿ ತುಳಿಯಬೇಕು. ತುಳಿಯುವ ಕೆಲಸ ಮಕ್ಕಳದ್ದು. ಒಬ್ಬರ ಹೆಗಲು ಒಬ್ಬರು ಹಿಡಿದು ಸಾಲಾಗಿ ತುಳಿದರು. ಹಾಡು ತಾನಾಗಿ ಬಂತು. ಕಲ್ಲು ಜಾರದ ಹಾಗೆ ಅಡಿಕೆ ಮರದ ಸಲಾಕೆ ಹೊಡೆದು, ಸಂದಿಗೆ ಸೊಪ್ಪು ತುರುಕಿದರು. ಸಂಜೆ ನಾಲ್ಕಕ್ಕೆ ನೀರು ನಿಂತು, ಹಿಂದಕ್ಕೆ ಸರಿದು, ಮೇಲಕ್ಕೆ ಏರತೊಡಗಿತು. ಕ್ಲಾಸಿನಲ್ಲಿ ಬಾಯಿ ಬಿಡದ ಒಬ್ಬ ಹುಡುಗ ನೀರಿನಂಚಿಗೆ ಒಂದು ಕಡ್ಡಿ ನೆಟ್ಟ. ಕಡ್ಡಿ ಮುಳುಗಿತು. ಇನ್ನೊಂದು ನೆಟ್ಟ. ಅದೂ ಮುಳುಗಿತು. “ಟೀಚರ್, ನೀರು ಹಿಂದೆ ನಡೀತಾ ಉಂಟು” ಎಂದು ಕೂಗಿದ. ಅವನ ಸ್ವರ ನಾನು ಮೊದಲು ಕೇಳಿದ್ದೇ ಆವಾಗ.

ಸೋಮವಾರ ಬಾವಿ ನೋಡಿದೆವು. ನೀರಿನಿಂದ ಮೇಲೆ ಕಾಣುತ್ತಿದ್ದ ಮುರಕಲ್ಲಿನ ಸಾಲುಗಳನ್ನು ಎಣಿಸುವುದು ನಮ್ಮ ಲೆಕ್ಕ. ಶನಿವಾರ ಹನ್ನೊಂದು ಕಲ್ಲು ಕಂಡಿತ್ತು. ಆ ವಾರ ಮುಗಿಯುವಾಗ ಎಂಟು. ಮಕ್ಕಳು ಅಜ್ಜನಿಗೆ ಕಟ್ಟದಜ್ಜ ಎಂದು ಹೆಸರಿಟ್ಟರು. ಊರಲ್ಲೆಲ್ಲ ಆ ಹೆಸರೇ ನಿಂತಿತು.

ಕಟ್ಟದಿಂದ ಮಳೆಗೆ ಹೋದೆವು. ಸುಳ್ಯದ ಬಾಳಿಲದಲ್ಲಿ ಒಬ್ಬ ಕೃಷಿಕರು 1976ರಿಂದ ದಿನಾ ಮಳೆ ಅಳೆದು ಬರೆದಿಡುತ್ತಾರೆ ಎಂದು ಪೇಪರಿನಲ್ಲಿ ಓದಿ, ಮಕ್ಕಳಿಗೆ ಹೇಳಿದೆ. ನಾವೂ ನೇರ ಬದಿಯ ಒಂದು ಡಬ್ಬಿಯನ್ನು ಅಂಗಳದ ನಡುವೆ ಇಟ್ಟು ಸ್ಕೇಲಿನಿಂದ ಅಳೆದೆವು. ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಒಂದು ಸೂತ್ರ ಹಿಡಿದು ಶ್ರೀ ಪಡ್ರೆಯವರು ಮಳೆಕೊಯ್ಲಿನ ಬಗ್ಗೆ ವರ್ಷಗಟ್ಟಲೆ ಬರೆದರು, ಊರೂರಲ್ಲಿ ಮಾತಾಡಿದರು. ನಮ್ಮ ಏಳನೆಯ ಕ್ಲಾಸು ಶಾಲೆಯ ಮಾಡನ್ನು ಅಳೆಯಿತು: ನೂರು ಚದರ ಮೀಟರ್. ಜುಲೈಯಲ್ಲಿ ಒಂದೇ ದಿನ ನೂರು ಮಿಲಿಮೀಟರ್ ಸುರಿದಾಗ ಮಾಡಿನಿಂದ ಇಳಿದದ್ದು 10,000 ಲೀಟರ್. ನಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರ್ ಎಂದು ಹಿಡಿದರೂ ಒಂದು ಎಕರೆಯ ಮೇಲೆ ಸುಮಾರು 1 ಕೋಟಿ 40 ಲಕ್ಷ ಲೀಟರ್. ಬೋರ್ಡಿನಲ್ಲಿ ಸೊನ್ನೆಗಳನ್ನು ಬರೆದ ಹುಡುಗಿ ತಿರುಗಿ ಕೇಳಿದಳು, “ಮತ್ತೆ ನಾವು ಬಾಟಲಿಯಲ್ಲಿ ಯಾಕೆ ನೀರು ತರುದು ಟೀಚರ್?” ಪಂಚಾಯತಿನವರನ್ನು, ಶಾಲಾಭಿವೃದ್ಧಿ ಸಮಿತಿಯವರನ್ನು ಕೂರಿಸಿ ಅವಳಿಂದಲೇ ಆ ಪ್ರಶ್ನೆ ಕೇಳಿಸಿದೆ. ಇಂಗುಗುಂಡಿ ಆಯಿತು, ಮಾಡಿಗೆ ದಂಬೆ ಬಂತು.

ಪ್ರವಾಸಕ್ಕೆ ಒಂದು ವರ್ಷ ಪುತ್ತೂರಿನ ಬಾಲವನಕ್ಕೆ ಕರೆದುಕೊಂಡು ಹೋದೆ. ಪರ್ಲಡ್ಕದ ಆ ಗುಡ್ಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ಶಾಲೆ ನಡೆಸಿದ್ದರು. ಬೆತ್ತ ಬೇಡ, ಹಾಡು, ಚಿತ್ರ, ಕುಣಿತ, ತಿರುಗಾಟಗಳ ಮೂಲಕವೇ ಕಲಿಯಲಿ ಎಂಬುದು ಅವರ ಹಠ. ಶಾಲೆ ಬಹಳ ಕಾಲ ನಿಲ್ಲಲಿಲ್ಲ. ಆದರೆ ಕಾರಂತರು ಮಕ್ಕಳಿಗೆಂದು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ಬರೆದು ಕೊಟ್ಟರು. ಸುಬ್ರಹ್ಮಣ್ಯದ ಸುತ್ತಿನ ಕಾಡು ಕಡಿದು ತೋಟ ಮಾಡಿದವರ ಬಾಳು ಅವರ ‘ಬೆಟ್ಟದ ಜೀವ’ದಲ್ಲಿದೆ, 1943ರ ಕಾದಂಬರಿ. ನಮ್ಮ ಮಕ್ಕಳಲ್ಲಿ ಕೆಲವರ ಅಜ್ಜಂದಿರು ಅಂಥವರೇ. ಸುಳ್ಯದಲ್ಲಿ ಚಂದ್ರಶೇಖರ ದಾಮ್ಲೆಯವರು ಕಟ್ಟಿದ ಸ್ನೇಹ ಶಾಲೆ ಕನ್ನಡದಲ್ಲಿಯೇ, ಮರಗಿಡಗಳ ನಡುವೆಯೇ ಪಾಠ ನಡೆಸುತ್ತದೆ. ಅದನ್ನು ಕಂಡಾಗ ಬಾಲವನದ ಹಠ ಈ ಮಣ್ಣಿನಲ್ಲಿ ಪೂರ್ತಿ ಒಣಗಿಲ್ಲ ಎಂದು ಸಮಾಧಾನವಾಯಿತು.

ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದ ದಿನ ಶಾಲೆಯಲ್ಲಿ ಸಿಹಿ ಹಂಚಿದೆವು. ಅಡ್ಯನಡ್ಕದ ಬಳಿಯ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಐದು ಸುರಂಗ ಒಣಗಿದರೂ ಆರನೆಯದರಲ್ಲಿ ನೀರು ಕಂಡವರು. ದಿಲ್ಲಿಗೆ ಆ ಹೆಸರು ಗೊತ್ತಾಗುವ ಎಷ್ಟೋ ಮೊದಲು ನಾನು ಅದನ್ನು ಓದಿದ್ದು ನಮ್ಮ ಊರಿನ ಕೃಷಿ ಬರಹಗಾರರಿಂದ. ಇಂಥವರ ಹಿಂದೆ ನಿಂತು, ಕಂಡದ್ದನ್ನು ಬರೆದು, ತಾವು ಬದಿಗೆ ಸರಿದವರ ಋಣ ನಮ್ಮ ಮೇಲೆ ದೊಡ್ಡದಿದೆ. ಅವರಿಗೆ ಶಾಲು ಹೊದೆಸಿದ ಮಾತ್ರಕ್ಕೆ ಅದು ತೀರುವುದಿಲ್ಲ.

ಈಗ ಸುಳ್ಯದ ಕಡೆ ಹೋದರೆ ಮನಸ್ಸು ಭಾರವಾಗುತ್ತದೆ. ಸಂಪಾಜೆ, ಅರಂತೋಡು, ತೊಡಿಕಾನದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ತಿಂದಿದೆ. ಈಚೆಗೆ ಎಲೆಚುಕ್ಕಿಯೂ ಸೇರಿದೆ. ತೋಟದ ಮನೆಗಳಲ್ಲಿ ಇಬ್ಬರೇ ಮುದುಕರು. ಬೆಳಿಗ್ಗೆ ಏಳೂವರೆಗೆ ಹಳದಿ ಬಸ್ಸು ಬಂದು ಮಕ್ಕಳನ್ನು ಪೇಟೆಗೆ ಒಯ್ಯುತ್ತದೆ, ಬರುವಾಗ ಸಂಜೆ ಐದು. ತೋಡಿಗೆ ಇಳಿಯಲು ಅವರಿಗೆ ಹೊತ್ತಿಲ್ಲ. ನಾನು ನಿವೃತ್ತಳಾಗುವ ಹೊತ್ತಿಗೆ ನನ್ನ ಶಾಲೆಯಲ್ಲಿ ಉಳಿದದ್ದು ಹತ್ತೊಂಬತ್ತು ಮಕ್ಕಳು.

ಕಟ್ಟದಜ್ಜ ತೀರಿಹೋದ ವರ್ಷ ಕಟ್ಟ ಆಗಲಿಲ್ಲ. ಅದರ ಮುಂದಿನ ಡಿಸೆಂಬರಿನಲ್ಲಿ ಒಬ್ಬ ಯುವಕ ಫೋನ್ ಮಾಡಿ ಶನಿವಾರ ಬರಬೇಕು ಎಂದ. ಹೋದೆ. ತೋಡಿನ ಬದಿಯಲ್ಲಿ ನಾಲ್ಕು ಮಣ್ಣಿನ ಉಂಡೆ ಮಾಡಿಟ್ಟುಕೊಂಡು ಕುಳಿತಿದ್ದ, ಸುತ್ತ ಏಳೆಂಟು ಮಕ್ಕಳು. ಕಡ್ಡಿ ನೆಡುತ್ತಿದ್ದ ಹುಡುಗ. ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಕಟ್ಟಕ್ಕೆಂದು ಎರಡು ದಿನ ರಜೆ ಹಾಕಿ ಬಂದಿದ್ದ. ಸಲಾಕೆಯ ಬದಲು ಮರಳು ತುಂಬಿದ ಸಿಮೆಂಟ್ ಚೀಲ, ಸೊಪ್ಪಿನ ಬದಲು ಟಾರ್ಪಾಲು. ಮಣ್ಣಿನ ಪರೀಕ್ಷೆ ಮಾತ್ರ ಅಜ್ಜನದ್ದೇ.

ಅಪ್ಪನ ಪತ್ರಿಕೆಗಳನ್ನು ನಾನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಅದೇ ಶಾಲೆಯ ಕಪಾಟಿಗೆ ಕೊಟ್ಟಿದ್ದೇನೆ. ಪೆನ್ಸಿಲಿನ ಬರಹ ಇರುವ ಪುಟಗಳಿಗೆ ಕೆಂಪು ನೂಲು ಕಟ್ಟಿದ್ದೇನೆ. ‘ಕೇಳಬೇಕು’ ಎಂದು ಅಪ್ಪ ಬರೆದ ಕಡೆಯೆಲ್ಲ ಮಕ್ಕಳು ಆ ವಿಳಾಸಕ್ಕೆ ಕಾಗದ ಬರೆಯುತ್ತಿದ್ದಾರೆ. ಎರಡಕ್ಕೆ ಉತ್ತರ ಬಂದಿದೆ. ಪುತ್ತೂರು, ಸುಳ್ಯ, ಕಡಬದ ಮನೆಗಳ ಅಟ್ಟದಲ್ಲಿ ಇಂಥ ಕಟ್ಟುಗಳು ಇನ್ನೂ ಇರಬಹುದು. ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ಶಾಲೆಗೆ ಕೊಡಿ, ಕೊಡುವ ಮೊದಲು ಅಂಚುಗಳನ್ನು ಒಮ್ಮೆ ನೋಡಿ.